ಬೀರು ಇದ್ದ ಗೋಡೆ

ಅಕ್ಕಾ,

ಇದನ್ನು ನಿನಗೆ ಕಳಿಸುವುದಿಲ್ಲ. ಹಾಗಾಗಿ ಕ್ಷೇಮ ಕೇಳುವ ಶಾಸ್ತ್ರವೂ ಬೇಡ. ಇವತ್ತು ನಿನ್ನಿಂದಾಗಿ ಆಫೀಸಿನಲ್ಲಿ ಜಗಳವಾಯಿತು.

ಕಂಪ್ಯೂಟರ್ ಆಟವೊಂದಕ್ಕೆ ಪಾಳುಮನೆ ಮಾಡುತ್ತಿದ್ದೇನೆ. ಮೊದಲು ಮನೆಯನ್ನು ನೆಟ್ಟಗೆ ಕಟ್ಟಿ, ಸಾಮಾನು ಜೋಡಿಸಿ, ಆಮೇಲೆ ಕೂತು ಕೆಡಿಸಬೇಕು. ಸೂರು ಕುಸಿಯಿತು, ಕಿಟಕಿ ಒಡೆಯಿತು. ಮಲಗುವ ಕೋಣೆಗೆ ನಮ್ಮ ಕೋಣೆಯದೇ ನೀಲಿ ಬಳಿದು, ಅದರ ಮೇಲೆ ಕೊಳೆ ಹಿಡಿಸಿದೆ. ಒಂದು ಗೋಡೆಯಲ್ಲಿ ಆಳೆತ್ತರದಷ್ಟು ಜಾಗವನ್ನು ಮಾತ್ರ ಹೊಸದಾಗಿಯೇ ಬಿಟ್ಟೆ.

ನಮ್ಮ ಟೀಮ್ ಲೀಡರ್ ಪರದೆಗೆ ಬೆರಳಿಟ್ಟರು. "ಇಲ್ಲಿ ಕೊಳೆ ಹಚ್ಚೋಕೆ ಮರೆತಿದ್ದೀಯಲ್ಲಮ್ಮ?"

"ಮರೆತಿಲ್ಲ ಸಾರ್. ಅಲ್ಲಿ ಬೀರು ಇತ್ತು."

"ಆಡೋರಿಗೆ ಅದು ಹೇಗೆ ಗೊತ್ತಾಗುತ್ತೆ?"

"ಹೇಳದೆ ಕೇಳದೆ ಹೊತ್ಕೊಂಡು ಹೋದ್ರೆ ಗೋಡೆ ಹೀಗೇ ಆಗೋದು!" ಎಂದು ಕೂಗಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಪಾಪ, ಆ ಮನುಷ್ಯ ಏನು ಹೊತ್ತುಕೊಂಡು ಹೋಗಿದ್ದರು?

ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ ಆಳುಗಳನ್ನು ಕರೆಸಿ ಬೀರು ಹೊರಿಸಿಕೊಂಡು ಹೋದವಳು ನೀನು. ಬೀರಿನಲ್ಲಿದ್ದ ನನ್ನ ಬಟ್ಟೆಗಳನ್ನು ಮಡಿಸಿ ಹಾಸಿಗೆಯ ಮೇಲಿಟ್ಟು ಹೋಗಿದ್ದೆ. ಬಿಸಾಕಿ ಹೋಗಿದ್ದರೂ ಇಷ್ಟು ಮೈ ಉರಿಯುತ್ತಿರಲಿಲ್ಲ.

ಕೊನೆಗೆ ಟೀಮ್ ಲೀಡರ್ ಹೇಳಿದಂತೆ ಅಲ್ಲಿಗೂ ಕೊಳೆ ಹಚ್ಚಿದೆ. ಮೌಸ್ ಒಮ್ಮೆ ಎಳೆದರೆ ಸಾಕು, ಬೀರು ಇದ್ದದ್ದೇ ಸುಳ್ಳು.

ಮನೆಯಲ್ಲಿ ಹಾಗಾಗುವುದಿಲ್ಲ. ಆ ಗೋಡೆ ಮುಚ್ಚಲೆಂದೇ ಹೊಸ ಬೀರು ತಂದು ನಿಲ್ಲಿಸಿದ್ದೇನೆ. ದರಿದ್ರದ್ದು, ನಿನ್ನದಕ್ಕಿಂತ ಗಿಡ್ಡ. ಮಲಗಿದಾಗಲೆಲ್ಲ ಅದರ ನೆತ್ತಿಯ ಮೇಲೆ ಒಂದು ಗೇಣು ಹೊಸ ನೀಲಿ ಕಾಣುತ್ತದೆ.