ಅಮ್ಮನಿಗೆ ಓದದೆ ಬಿಟ್ಟ ಎರಡು ಪುಟ

ಬಳ್ಳಾರಿ, ಬ್ರೂಸ್‌ಪೇಟೆ
ಜಯ ಸಂವತ್ಸರ, ಕಾರ್ತೀಕ ಬಹುಳ ಪಂಚಮಿ, ಭಾನುವಾರ
೧೮ ನವಂಬರ್ ೧೮೯೪

ಪ್ರೀತಿಯ ರಾಘಣ್ಣನಿಗೆ ತಂಗಿ ಅಂಬುಜಾ ಮಾಡುವ ನಮಸ್ಕಾರಗಳು.

ಮೈಯಲ್ಲಿ ಹೇಗಿದ್ದೀ? ಜಿನೋವಾದ ಚಳಿಗೆ ಆ ಹಳೆಯ ಕೆಮ್ಮು ತಿರುಗಿ ಬಂದಿಲ್ಲ ತಾನೆ? ಅಮ್ಮ ಕೊಟ್ಟ ಶಾಲನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, ಕೋಟಿನ ಮೇಲೆ ಚೆಂದ ಕಾಣುವುದಿಲ್ಲವೆಂದು ಹೊದೆಯದೆ ಇರಬೇಡ. ಕಂಪನಿಯ ಹತ್ತಿಯ ತಕರಾರು ಎಲ್ಲಿಗೆ ಬಂತು? ನೀನೇ ಇಲ್ಲಿ ಕೈಯಿಂದ ಎಳೆ ಎಳೆದು ನೋಡಿ ಗುರುತು ಹಾಕಿ ಕಳಿಸಿದ ಹತ್ತಿಯ ಅಂಡಿಗೆಗಳನ್ನು ಅಲ್ಲಿಯ ಗಿರಣಿಯವರು ಬೇರೆ ಹತ್ತಿ ಎನ್ನುತ್ತಾರೆಂದರೆ, ಅವರೆದುರಿಗೆ ಬಿಚ್ಚಿ ತೋರಿಸಿ ಬೇಗ ಹಡಗು ಹತ್ತು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆದಿದ್ದೇನೆಂದು ತಿಳಿದುಕೋ.

ಕೂಸಿಗೆ ಈಗ ಎರಡೂವರೆ ತಿಂಗಳು. ಹಗಲು ಯಾವುದು ರಾತ್ರಿ ಯಾವುದು ಎಂಬುದು ಅದಕ್ಕಿನ್ನೂ ಗೊತ್ತಿಲ್ಲ, ನನಗೆ ಮರೆತುಹೋಗಿದೆ. ಅತ್ತರೆ ಯಾಕೆ ಅಳುತ್ತದೆಂದು ಹೆದರಿಕೆ, ಸುಮ್ಮನೆ ಮಲಗಿದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ, ಅಷ್ಟಕ್ಕೇ ಅದು ಎಚ್ಚರಾಗುತ್ತದೆ. ಮೊನ್ನೆ ಮಧ್ಯಾಹ್ನ ತೊಟ್ಟಿಲು ತೂಗುತ್ತ ಕೂತವಳಿಗೆ ಕೂಸು ನನ್ನ ತೊಡೆಯ ಮೇಲೆಯೇ ಇದೆ ಎಂಬುದು ಬಹಳ ಹೊತ್ತಿನ ಮೇಲೆ ತಿಳಿಯಿತು. ಅಪ್ಪ ಊರವರ ಜೊತೆ ಜಗಳವಾಡಿ ನನ್ನನ್ನು ಮದ್ರಾಸಿನ ಕಾಲೇಜಿಗೆ ಕಳಿಸಿದ್ದರು. ಎರಡು ವರ್ಷ ಓದಿದವಳು ಖಾಲಿ ತೊಟ್ಟಿಲು ತೂಗುತ್ತಿದ್ದಾಳೆ ನೋಡು. ಸಿರುಗುಪ್ಪದಿಂದ ನಿನ್ನ ಭಾವನವರು, ಯಾವಾಗ ಬರುತ್ತೀ ಎಂದು ವಾರಕ್ಕೊಂದು ಕಾಗದ ಬರೆಯುತ್ತಾರೆ. ಅಮ್ಮನನ್ನು ಈ ಸ್ಥಿತಿಯಲ್ಲಿ ಬಿಟ್ಟು ಹ್ಯಾಗೆ ಹೋಗಲಿ? ಅದಕ್ಕೆ ಕಾರಣ ನಾನೇ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ನಿನ್ನ ಮೊದಲನೆಯ ಕಾಗದ ನವರಾತ್ರಿಯ ಹೊತ್ತಿಗೆ ಬಂದಿತ್ತು. ಊಟದ ಜಾಗ ಹುಡುಕುತ್ತ ಆ ಊರಿನ ಏರುಗಲ್ಲಿಗಳನ್ನೆಲ್ಲ ಹತ್ತಿ ಇಳಿದದ್ದು, ಬಾಗಿಲಲ್ಲೇ ನಿಂತು ಮೂಸಿ ನೋಡಿ ಮೀನಿನ ನಾತ ಬಂದರೆ ಮುಂದಕ್ಕೆ ಹೋದದ್ದು, ಒಬ್ಬನ ಅಂಗಡಿಯಲ್ಲಿ ಕಾಗದದ ಮೇಲೆ ಮೀನು ಬರೆದು ಅಡ್ಡಗೆರೆ ಎಳೆದು ತೋರಿಸಿದರೆ ಅವನು ತಲೆಯಾಡಿಸಿ ಕೋಳಿ ತಂದಿಟ್ಟದ್ದು, ಎಲ್ಲ ನೀನು ಬರೆದಿದ್ದೆ. ನಾನೊಬ್ಬಳೇ ಓದುವಾಗ ನಗು ಬಂದು ಹಾಲು ಕುಡಿಯುತ್ತಿದ್ದ ಕೂಸು ಬೆಚ್ಚಿತು. ಎಂಟು ದಿನದಿಂದ ಹಣ್ಣು, ಹಾಲು, ಪೇಟೆಯ ರೊಟ್ಟಿ ಇವುಗಳ ಮೇಲೆಯೇ ಇದ್ದೇನೆ ಎಂದಿದ್ದೆ. ಅಮ್ಮನಿಗೆ ಓದುವಾಗ ರೊಟ್ಟಿಯನ್ನು ಬಿಟ್ಟೆ, ಯಾರು ಸುಟ್ಟದ್ದೋ ಏನೋ ಎಂದು ಕೇಳುತ್ತಾಳೆಂದು. ಹಣ್ಣು, ಹಾಲು ಅಷ್ಟೇ ಓದಿದೆ. ಮಾರನೆಯ ದಿನ ಅಮ್ಮ ನನಗೆ ಅನ್ನ ಬಡಿಸಿ, ತಾನು ಒಂದು ಲೋಟ ಹಾಲು ಇಟ್ಟುಕೊಂಡು ಎರಡು ಬಾಳೆಹಣ್ಣು ಸುಲಿದುಕೊಂಡಳು. ಕೇಳಿದರೆ, “ಅವನ ಹೊಟ್ಟಿಗೆ ಬಿಸಿ ಅನ್ನ ಬಿತ್ತು ಅಂತ ಕಾಗದ ಬರೋತನಕ ನನಗೂ ಬ್ಯಾಡ,” ಎಂದಳು. ಮೊದಲೇ ದಿನಕ್ಕೆ ಒಂದೇ ಹೊತ್ತು ಉಣ್ಣುವ ಜೀವ ಅದು.

ಎರಡನೆಯ ಕಾಗದ ಬರಲಿ, ಎಲ್ಲ ಸರಿಹೋಗುತ್ತದೆ ಎಂದು ದಾರಿ ಕಾದೆ. ಹೋದ ಬುಧವಾರ ಬಂತು. ಆದರೆ ಟಪಾಲಿನವನು ಕೂಗುವ ಹೊತ್ತಿಗೆ ಕುರುಗೋಡಿನಿಂದ ಗುರುರಾಜ ಕಾಕಾ ಬಂದು ಪಡಸಾಲೆಯಲ್ಲಿ ಕಾಲು ತೊಳೆದು ಕೂತಿದ್ದರು. “ಓದು, ಓದು, ನಮ್ಮ ವಿಲಾಯತಿ ಸಾಹೇಬ್ರು ಏನು ಬರದಾರ ಕೇಳೋಣ,” ಎಂದರು. ನೀನು ಹೊರಡುವಾಗ ಅವರು ಅಂದದ್ದು ನೆನಪಿದೆಯಲ್ಲ? “ಸಮುದ್ರ ದಾಟಿದ್ದಕ್ಕ ಪ್ರಾಯಶ್ಚಿತ್ತ ಮಾಡಿಸಬಹುದು. ಕಂಡವರ ಕೈಯಾಗ ಉಂಡು ಬಂದ್ರ ಈ ಮನಿ ಹೊಸ್ತಿಲ ನಾ ತುಳಿಯಾಂಗಿಲ್ಲ.” ಬರುವ ಮಾರ್ಗಶಿರದಲ್ಲಿ ಅಪ್ಪನ ತಿಥಿ. ನೀನಿಲ್ಲದಾಗ ಅದನ್ನು ಮಾಡಬೇಕಾದವರು ಅವರೇ. ನಾನು ಕಾಗದ ಬಿಚ್ಚಿದೆ. ‘ಅಂಬೂ, ಊಟದ ಜಾಗ ಸಿಕ್ಕಿತು’ ಎಂದು ಶುರುಮಾಡಿದ್ದೀ.

ಎಷ್ಟು ಸಂತೋಷದಿಂದ ಬರೆದಿದ್ದೀಯಪ್ಪಾ! ಬಂದರಿನ ಕಮಾನುಗಳ ಕೆಳಗೆ ತೆರೇಸಾ ಎಂಬ ವಿಧವೆಯ ಅಂಗಡಿ, ಮೂಟೆ ಹೊರುವವರು ಸಾಲುಗಟ್ಟಿ ನಿಂತದ್ದನ್ನು ನೋಡಿ ಒಳಗೆ ಹೋದದ್ದು, ಬಂಡಿಯ ಗಾಲಿಯಷ್ಟು ಅಗಲದ ತಾಮ್ರದ ತಟ್ಟೆಯಲ್ಲಿ ಕಡಲೆ ಹಿಟ್ಟು ಕಲಸಿ ಹೊಯ್ದು, ಎಣ್ಣೆ ಸುರಿದು, ಸೌದೆಯ ಒಲೆಯೊಳಗೆ ತಳ್ಳಿ ಬೇಯಿಸಿ ಕೊಡುವುದು. ನಮ್ಮ ಮನೆಯ ಕಡಲೆ ಹಿಟ್ಟಿನ ದೋಸೆಯೇ ದಪ್ಪಗಾದಂತೆ ಇತ್ತು ಎಂದಿದ್ದೀ. ಅದೂ ಬೇಳೆಕಾಳು ಮುಟ್ಟಬಾರದ ಕಾರ್ತೀಕದ ವ್ರತದಲ್ಲಿ, ಮಹಾನುಭಾವಾ! ಆಮೇಲೆ ಅನ್ನ. ಅಲ್ಲಿಯೂ ಗದ್ದೆಗಳಿವೆಯಂತೆ, ಕಾಳು ನಮ್ಮದಕ್ಕಿಂತ ಗಿಡ್ಡ, ಒಳಗೆ ಗಟ್ಟಿ ಇರುವಾಗಲೇ ಇಳಿಸಿಬಿಡುತ್ತಾರಂತೆ. ನೀನು ಇನ್ನೂ ಬೇಯಿಸು ಎಂದು ಕೈಸನ್ನೆ ಮಾಡಿದರೆ ಅವಳು ಸೌಟು ಎತ್ತಿ ಬೈದು, ಬೈಯುತ್ತಲೇ ಬರೀ ನೀರಿನಲ್ಲಿ ಮೆತ್ತಗೆ ಮಾಡಿಕೊಟ್ಟಳಂತೆ. ಎರಡು ಸಲ ಹಾಕಿಸಿಕೊಂಡು ಉಂಡೆ, ಅಮ್ಮನಿಗೆ ಹೇಳು ಎಂದು ಕೊನೆಗೆ ಬರೆದಿದ್ದೀ. ಹ್ಯಾಗೆ ಹೇಳಲಿ? ಕಾಕಾ ಎದುರಿಗೆ ಕೂತು ಕಿತ್ತಳೆಹಣ್ಣು ಸುಲಿಯುವವರ ಹಾಗೆ ನನ್ನ ಮುಖವನ್ನೇ ನಿಧಾನವಾಗಿ ಸುಲಿಯುತ್ತಿದ್ದರು. ಆ ಎರಡು ಪುಟ ಹಾರಿಸಿ, “ಇನ್ನೂ ಹಣ್ಣು ಹಾಲಿನ ಮೇಲೆಯೇ ಇದ್ದೇನೆ, ಆರೋಗ್ಯವಾಗಿದ್ದೇನೆ,” ಎಂದು ಓದಿಬಿಟ್ಟೆ. ಕಾಕಾ, “ಹುಡುಗ ಗಟ್ಟಿ ಇದ್ದಾನ,” ಎಂದು ಒಪ್ಪಿಕೊಂಡರು. ಅಮ್ಮ ಒಳಗೆ ಹೋದಳು. ಆ ದಿನ ಹಣ್ಣನ್ನೂ ಒಂದಕ್ಕೇ ಇಳಿಸಿದಳು.

ಕಾಕಾ ಹೋದ ಮೇಲಾದರೂ ನಿಜ ಹೇಳಬಾರದಿತ್ತೇ ಎನ್ನುತ್ತೀ. ನನ್ನ ಮಗ ಕೆಟ್ಟ ಎಂದು ಅವಳು ಅಂದುಕೊಂಡರೆ ಅನ್ನದ ಜೊತೆಗೆ ಹಾಲನ್ನೂ ಬಿಟ್ಟಾಳು ಎಂಬ ಹೆದರಿಕೆ. ಶುಕ್ರವಾರ ಸಿರುಗುಪ್ಪದಿಂದ ಬಂಡಿಯ ಪಕ್ಕೀರಪ್ಪ ನಮ್ಮ ಕೆಂಚನಗುಡ್ಡದ ಗದ್ದೆಯ ಅಕ್ಕಿ ತಂದ. ಹೋದ ಸಲದ ಚೀಲ ನೋಡಿ, “ಏನವ್ವಾ, ಈ ಚೀಲ ಹಾಂಗ ಕುಂತೈತಿ! ನೀವೇನು ಅಕ್ಕಿ ಪೂಜಿ ಮಾಡಾಕ ಇಟ್ಟೀರೇನು?” ಎಂದು ನಕ್ಕ. ಅಮ್ಮನೂ ನಕ್ಕಳು. ನಕ್ಕವಳು ಕಂಬ ಹಿಡಿದು ನಿಂತಳು. ನಿನ್ನೆ ಬೆಳಿಗ್ಗೆ ಕೂಸನ್ನು ಚಾಚಿದ ಕಾಲ ಮೇಲೆ ಹಾಕಿಕೊಂಡು ಅಮ್ಮ ಎರೆಯುತ್ತಿದ್ದಳು. ಅವಳ ಕೈಯಿಂದ ಬಿಸಿನೀರಿನ ಚೊಂಬು ಕಳಚಿ ಪಕ್ಕದ ಕಲ್ಲಿನ ಮೇಲೆ ಬಿತ್ತು, ನೀರು ಕೂಸಿನ ಕಾಲಿಗೆ ಒಂದು ಗೇಣು ಆಚೆ ಹರಿಯಿತು. ನಾನು ಕಿರುಚಿದೆ. ಅಮ್ಮ ಕೂಸನ್ನು ಎದೆಗೊತ್ತಿಕೊಂಡು, “ಏನಾಗಿಲ್ಲವಾ, ಎಣ್ಣಿ ಕೈ ಜಾರಿತು,” ಎಂದಳು. ಆ ದಿನ ಅವಳು ಎಣ್ಣೆಯನ್ನೇ ಮುಟ್ಟಿರಲಿಲ್ಲ.

ಅದಕ್ಕೇ ಈ ಕಾಗದ. ಇದು ಮುಟ್ಟಿದ ದಿನವೇ ನೀನು ಅಮ್ಮನ ಹೆಸರಿಗೆ ಒಂದು ಕಾಗದ ಬರೆ. ಜಿನೋವಾದಲ್ಲಿ ಒಬ್ಬ ಗುಜರಾತಿ ವೈಷ್ಣವ ಸಾಹುಕಾರನ ಪರಿಚಯವಾಯಿತು, ಅವನ ಮನೆಯಲ್ಲಿ ಬ್ರಾಹ್ಮಣ ಅಡಿಗೆಯವನಿದ್ದಾನೆ, ದಿನವೂ ಮಡಿಯಿಂದ ಮಾಡಿದ ಬಿಸಿ ಅನ್ನ ಉಣ್ಣುತ್ತಿದ್ದೇನೆ ಎಂದು ಬರೆ. ಸಾಹುಕಾರನಿಗೆ ಒಂದು ಹೆಸರಿಡು, ಅಮ್ಮ ಕೇಳುತ್ತಾಳೆ. ನಾನೇ ಹೇಳಿ ಮುಗಿಸುತ್ತಿದ್ದೆ, ಆದರೆ ಅವಳಿಗೆ ಕಾಗದ ಬೇಕು. ಓದಲು ಬರದಿದ್ದರೂ ಕೈಯಲ್ಲಿ ಹಿಡಿದು ನೋಡುತ್ತಾಳೆ. ಅದು ಬರುವುದಕ್ಕೆ ಒಂದು ತಿಂಗಳಿಗೂ ಹೆಚ್ಚು ಬೇಕೆಂಬುದು ನನಗೆ ಗೊತ್ತು. ಅಲ್ಲಿಯವರೆಗೆ ಅಮ್ಮ ತಡೆದಾಳೆಯೇ ಎಂದು ಮಾತ್ರ ಕೇಳಬೇಡ.

ಕೂಸು ಮಗ್ಗುಲು ತಿರುಗುತ್ತಿದೆ. ಸೋದರಮಾವನಿಗೆ ಅದರ ಮುಷ್ಟಿಯ ನಮಸ್ಕಾರ. ಬೆರಳು ಬಿಚ್ಚಿ ಕೈ ಮುಗಿಯುವುದು ಇನ್ನೂ ಬರುವುದಿಲ್ಲ. ರಾಯರು ನಿನ್ನನ್ನು ಕಾಯಲಿ, ಕಾಲುಚೀಲ ಒದ್ದೆ ಇದ್ದರೆ ಹಾಕಿಕೊಳ್ಳಬೇಡ.

ನಿನ್ನ ತಂಗಿ,
ಅಂಬುಜಾ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಗುಜರಾತಿ ಸಾಹುಕಾರನ ಕಾಗದ ಬರೆಯಬೇಡ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಮ್ಮ ಹತ್ತಿ ಬತ್ತಿ ಹೊಸೆಯುತ್ತ ಬಂದು ಕೂತು, “ರಾಘು ಕಾಗದ ಇನ್ನೊಮ್ಮೆ ಓದವಾ, ಅವನು ಮಾತಾಡಿದಂಗ ಆಗ್ತದ,” ಎಂದಳು. ಓದತೊಡಗಿದೆ. ನಿದ್ದೆಗೆ ಕಣ್ಣು ಎಳೆಯುತ್ತಿತ್ತು, ಎಲ್ಲಿ ಬಿಡಬೇಕೆಂಬುದು ಮರೆತೇಹೋಯಿತು. ತೆರೇಸಾ ಸೌಟು ಎತ್ತಿದಳು ಎಂಬಲ್ಲಿಗೆ ಬಂದಾಗ ನನ್ನ ಧ್ವನಿಗೆ ನಾನೇ ಎಚ್ಚತ್ತೆ. ಅಮ್ಮನ ಕೈ ನಿಂತಿತ್ತು. “ಯಾಕ ನಿಲ್ಲಿಸಿದಿ? ಓದು,” ಎಂದಳು. ಕೊನೆಯವರೆಗೂ ಓದಿದೆ. ಅಮ್ಮ ಬತ್ತಿ ಕೆಳಗಿಟ್ಟು, “ಮೆತ್ತಗ ಮಾಡಿಕೊಟ್ಟಳಂತೇನು?” ಎಂದು ಕೇಳಿದಳು. ಹೌದಮ್ಮಾ ಎಂದೆ. “ಬೈದು ಮಾಡಿಕೊಟ್ಟಾಳ ಅಂದ್ರ ಮಕ್ಕಳನ್ನ ಹೆತ್ತಾಕಿನೇ ಇರಬೇಕು. ಕಾರ್ತೀಕದಾಗ ಕಡ್ಲಿ ಹಿಟ್ಟು ಮಾತ್ರ ಅವ ತಿನ್ನಬಾರದಿತ್ತು. ಬರಲಿ, ಬೈತೀನಿ.” ಎದ್ದುಹೋಗಿ ಅಕ್ಕಿಯ ಚೀಲದ ದಾರ ಬಿಚ್ಚಿದಳು. ಈಗ ಒಳಗೆ ಎಸರು ಕುದಿಯುತ್ತಿದೆ. ನೀನು ತೆರೇಸಾಳ ಅಂಗಡಿಗೆ ದಿನವೂ ಹೋಗು, ಏನು ಉಂಡೆಯೆಂದು ಇದ್ದದ್ದು ಇದ್ದ ಹಾಗೆ ಬರೆ. ಇದನ್ನು ಬರೆಯುತ್ತಿರುವಾಗಲೇ ಅಮ್ಮ ಒಲೆಯ ಮುಂದಿನಿಂದ ಕೂಗಿ ಹೇಳುತ್ತಿದ್ದಾಳೆ: “ಅಂಬೂ, ಗುರುರಾಜ ಬಂದಾಗ ಮಾತ್ರ ಮೊದಲಿನಂಗ ಓದು. ಹಣ್ಣು, ಹಾಲು.”