ಅರವತ್ತರ ತಲೆಯ ಮೇಲಿನ ಸೊನ್ನೆ

ಕುಮಾರಸ್ವಾಮಿ ಲೇಔಟ್, ಬೆಂಗಳೂರು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಸಿರಿ,

ಅಪ್ಪನ ಆಶೀರ್ವಾದ. ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಫೋನಿನಲ್ಲಿ ಮಾತಾಡಿದಾಗಲೆಲ್ಲ ‘ಬರೀತೀನಿ, ಬರೀತೀನಿ’ ಎಂದು ತಪ್ಪಿಸಿಕೊಂಡೆ. ಬೇಸರ ಮಾಡಿಕೊಳ್ಳಬೇಡ. ನೀನು ಕೇಳಿದ್ದು ಇಷ್ಟೇ: ‘ಮೊದಲ ಸಲ ಪಿಯು ಮಕ್ಕಳಿಗೆ ರೇಡಿಯನ್ ಪಾಠ ಮಾಡಬೇಕು, ಹೇಗೆ ಶುರು ಮಾಡಲಿ ಅಪ್ಪ?’ ಇಪ್ಪತ್ತಾರು ವರ್ಷ ಅದೇ ಪಾಠ ಮಾಡಿದವನಿಗೆ ಉತ್ತರ ಬರೆಯಲು ಕೈ ಬರಲಿಲ್ಲ. ಯಾಕೆಂದು ಹೇಳುತ್ತೇನೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ, ಮೊನ್ನೆ ಬನಶಂಕರಿ ಮಾರ್ಕೆಟ್ಟಿಗೆ ಒಬ್ಬಳೇ ಹೋಗಿ ಬಂದಳು. ‘ಹಿರಿಯೂರಲ್ಲಿ ಅವಳಿಗೆ ಒಳ್ಳೇ ಸೊಪ್ಪು ಸಿಗುತ್ತಾ ಅಂತ ಕೇಳ್ರೀ’ ಎಂದು ಈಗಲೂ ಅಡುಗೆಮನೆಯಿಂದ ಕೂಗುತ್ತಿದ್ದಾಳೆ.

ಪಾಠಕ್ಕೆ ಬರುತ್ತೇನೆ. ಒಂದು ತಟ್ಟೆ, ಒಂದಿಷ್ಟು ದಾರ ತೆಗೆದುಕೊಂಡು ಹೋಗು. ತಟ್ಟೆಯ ನಡುವಿನಿಂದ ಅಂಚಿನವರೆಗೆ ದಾರ ಹಿಡಿದು ಕತ್ತರಿಸು. ಅದೇ ದಾರವನ್ನು ಅಂಚಿನ ಮೇಲೆ ಬಳಸಿಟ್ಟರೆ ನಡುವೆ ಆಗುವ ಕೋನವೇ ಒಂದು ರೇಡಿಯನ್. ಎರಡು ದಾರವಾದರೆ ಎರಡು ರೇಡಿಯನ್. ಹಾಗಾಗಿ ಅಂಚಿನ ಆ ತುಂಡಿನ, ಅಂದರೆ ಕಂಸದ, ಉದ್ದ ಬೇಕೆಂದರೆ ತ್ರಿಜ್ಯವನ್ನು ರೇಡಿಯನ್‌ನಿಂದ ಗುಣಿಸಿದರೆ ಮುಗಿಯಿತು. ಡಿಗ್ರಿಯಾದರೆ ಅಂಕಿಯ ತಲೆಯ ಮೇಲೆ ಪುಟ್ಟ ಸೊನ್ನೆ ಹಾಕುತ್ತೇವೆ. ಏನೂ ಹಾಕದಿದ್ದರೆ ಅದು ರೇಡಿಯನ್. ಈ ಮಾತನ್ನು ಪ್ರತಿ ವರ್ಷ ಮೂರು ಮೂರು ಸಲ ಹೇಳುತ್ತೇನೆ. ಈ ವರ್ಷವೂ ಹೇಳಿದ್ದೆ.

ನನ್ನ ತರಗತಿಯಲ್ಲಿ ಶೃತಿ ಎಂಬ ಹುಡುಗಿ ಇದ್ದಳು. ಚಿಕ್ಕಲಸಂದ್ರದವಳು, ಹತ್ತರವರೆಗೆ ಕನ್ನಡ ಮಾಧ್ಯಮ. ಹಿಂದಿನ ಬೆಂಚಿನಲ್ಲಿ ಕೂತು ಇಂಗ್ಲಿಷ್ ಪದಗಳ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಳ್ಳುತ್ತಿದ್ದಳು. ಆಗಸ್ಟ್ ಟೆಸ್ಟಿನಲ್ಲಿ ನಾನೊಂದು ಲೆಕ್ಕ ಕೊಟ್ಟಿದ್ದೆ: ಹತ್ತು ಸೆಂಟಿಮೀಟರ್ ತ್ರಿಜ್ಯದ ಚಕ್ರ ನಿಂತಲ್ಲೇ ಅರವತ್ತು ಡಿಗ್ರಿ ತಿರುಗಿದರೆ ಅದರ ಅಂಚಿನ ಬಿಂದು ಎಷ್ಟು ದೂರ ಸಾಗುತ್ತದೆ? ಉತ್ತರ ಸುಮಾರು ಹತ್ತೂವರೆ ಸೆಂಟಿಮೀಟರ್. ಶೃತಿ ಬರೆದದ್ದು ಆರುನೂರು. ಕೆಳಗೆ ‘ಚಕ್ರ ಒಂಬತ್ತು ಸುತ್ತಿಗಿಂತ ಹೆಚ್ಚು ತಿರುಗಿದೆ’ ಎಂದೂ ಸೇರಿಸಿದ್ದಳು. ಕೆಂಪಿನಲ್ಲಿ ಅಡ್ಡಗೆರೆ ಎಳೆದೆ. ಪೇಪರ್ ಹಂಚುವಾಗ ಅದನ್ನು ಎಲ್ಲರಿಗೂ ಕೇಳುವಂತೆ ಓದಿದೆ.

‘ಏನಮ್ಮಾ, ನಿನ್ನ ಚಕ್ರ ಬನಶಂಕರಿ ಬಸ್ ಸ್ಟ್ಯಾಂಡಿಗೆ ಹೊರಟುಬಿಡ್ತಾ?’ ಎಂದೆ.

ಕ್ಲಾಸೆಲ್ಲ ನಕ್ಕಿತು. ಅವಳು ಪ್ರಶ್ನೆಪತ್ರಿಕೆ ಹಿಡಿದು ಮೇಜಿನ ಹತ್ತಿರ ಬಂದಳು. ‘ಸಾರ್, ಪ್ರಶ್ನೇಲಿ...’ ಎಂದಳು.

‘ಕನ್ನಡ ಮೀಡಿಯಂನವರಿಗೆ ಮೊದಲು ಪ್ರಶ್ನೆ ಓದೋದು ಕಲಿಸಬೇಕು. ಹೋಗು, ಹೊರಗೆ ನಿಂತ್ಕೊಂಡು ಓದು.’

ಪೀರಿಯಡ್ ಮುಗಿಯುವವರೆಗೂ ಅವಳು ಕಾರಿಡಾರಿನಲ್ಲಿ ನಿಂತಿದ್ದಳು. ನಾನೂ ಕನ್ನಡ ಮೀಡಿಯಂನಲ್ಲೇ ಓದಿದವನು, ನಿನಗೆ ಗೊತ್ತಲ್ಲ.

ಸಂಜೆ ಮನೆಗೆ ಬಂದು ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ಅರವತ್ತರ ತಲೆಯ ಮೇಲೆ ಸೊನ್ನೆ ಇರಲಿಲ್ಲ. ಟೈಪ್ ಮಾಡುವಾಗ ನಾನೇ ಬಿಟ್ಟಿದ್ದೆ. ಸೊನ್ನೆ ಇಲ್ಲವೆಂದರೆ ಅರವತ್ತು ರೇಡಿಯನ್. ಹತ್ತರಿಂದ ಗುಣಿಸಿದರೆ ಆರುನೂರು. ನಲವತ್ತೆಂಟು ಮಕ್ಕಳಲ್ಲಿ ಪ್ರಶ್ನೆಯನ್ನು ಇದ್ದಂತೆಯೇ ಓದಿದವಳು ಅವಳೊಬ್ಬಳು.

ಮರುದಿನ ಸರಿಪಡಿಸೋಣ ಅಂದುಕೊಂಡೆ. ಮರುದಿನ ಅವಳು ಬರಲಿಲ್ಲ. ಬಂದಾಗ ಹೇಳಿದರಾಯಿತು ಎಂದು ಸುಮ್ಮನಾದೆ. ಹೀಗೇ ಎಂಟು ದಿನ. ಒಂಬತ್ತನೆಯ ದಿನ ಪ್ರಿನ್ಸಿಪಾಲ್ ಜ್ಯೋತ್ಸ್ನಾ ಮೇಡಂ, ‘ಆ ಶೃತಿ ಆರ್ಟ್ಸ್‌ಗೆ ಹೋಗ್ತಾಳಂತೆ ಸಾರ್, ಅವರಪ್ಪ ಲೆಟರ್ ಕೊಟ್ಟು ಹೋಗಿದಾರೆ’ ಎಂದರು. ಕಾಲೇಜು ಬಿಟ್ಟೊಡನೆ ಸ್ಕೂಟರ್ ಹತ್ತಿದೆ.

ಚಿಕ್ಕಲಸಂದ್ರದ ಹಳೇ ಊರಿನ ಬೀದಿಯ ಮನೆ. ಅವಳ ಅಜ್ಜಿ ಸೊಣ್ಣಮ್ಮ ಬಾಗಿಲಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ಕಾಲೇಜಿನ ಮೇಷ್ಟ್ರು ಎಂದೊಡನೆ ಎದ್ದು ನಿಂತರು.

‘ನಮ್ ಹುಡುಗಿ ಏನಾರಾ ತಪ್ಪು ಮಾಡವ್ಳಾ ಸಾ?’

‘ಇಲ್ಲಮ್ಮ, ತಪ್ಪು ನನ್ನದು.’

‘ಮೇಷ್ಟ್ರು ಹಂಗೆಲ್ಲ ಅನ್ಬಾರ್ದು, ಬುಡಿ. ಕುತ್ಕಳಿ’ ಎಂದು ಕುರ್ಚಿ ಹಾಕಿ ಒಳಗೆ ಕೂಗಿದರು.

ಶೃತಿ ಬಂದು ಬಾಗಿಲಿಗೆ ಒರಗಿ ನಿಂತಳು. ‘ನಿನ್ನ ಉತ್ತರ ಸರಿ ಇತ್ತಮ್ಮ. ನನ್ನ ಪ್ರಶ್ನೇನೇ ತಪ್ಪು. ಆವತ್ತು ನಾನು ಗಮನಿಸ್ಲಿಲ್ಲ. ಕ್ಷಮಿಸು’ ಎಂದೆ. ಅವಳು ಬಹಳ ಹೊತ್ತು ನೆಲ ನೋಡಿದಳು.

‘ಕ್ಲಾಸಲ್ಲೂ ಹೇಳ್ತೀರಾ ಸಾರ್?’

‘ನಾಳೇನೇ ಹೇಳ್ತೀನಿ. ನೀನೂ ಬಾ.’

‘ಹೇಳಿ ಸಾರ್. ನಾನು ಬರಲ್ಲ.’

‘ಗಣಿತ ಇಷ್ಟ ಇಲ್ವಾ?’

‘ಇಷ್ಟ ಇದೆ’ ಎಂದಳು. ನೀರು ತರುತ್ತೇನೆಂದು ಒಳಗೆ ಹೋದಳು. ನೀರು ತಂದುಕೊಟ್ಟವರು ಅಜ್ಜಿ.

ಮರುದಿನ ತರಗತಿಯಲ್ಲಿ ಹೇಳಿದೆ. ಬೋರ್ಡಿನ ಮೇಲೆ ಅವಳ ಲೆಕ್ಕವನ್ನೇ ಬರೆದು, ಇದು ಸರಿ, ಮಿಕ್ಕವರದೂ ನನ್ನದೂ ತಪ್ಪು ಎಂದೆ. ಯಾರೂ ನಗಲಿಲ್ಲ. ಶೃತಿ ಈಗ ಆರ್ಟ್ಸ್ ವಿಭಾಗದಲ್ಲಿದ್ದಾಳೆ. ಮೆಟ್ಟಿಲಲ್ಲಿ ಎದುರಾದರೆ ‘ನಮಸ್ತೆ ಸಾರ್’ ಎನ್ನುತ್ತಾಳೆ, ನಿಲ್ಲುವುದಿಲ್ಲ.

ಮಗುವೊಂದು ಪೇಪರ್ ಹಿಡಿದು ನಿನ್ನೆದುರು ಬಂದರೆ ಅದರ ಮಾತು ಪೂರ್ತಿ ಕೇಳು ಮಗಳೇ. ಇದಕ್ಕಿಂತ ದೊಡ್ಡ ಸಲಹೆ ನನ್ನಲ್ಲಿಲ್ಲ. ದಸರಾ ರಜೆಗೆ ಬಾ, ಅಮ್ಮ ದಿನ ಎಣಿಸುತ್ತಿದ್ದಾಳೆ. ನಿನ್ನ ತರಗತಿಯಲ್ಲಿ ಸದಾ ನಗು ಇರಲಿ, ಯಾರನ್ನೂ ನೋಯಿಸದ ನಗು.

ಇಂತಿ ನಿನ್ನ ಅಪ್ಪ,
ಗೌರೀಶಂಕರ

ಮತ್ತೆ: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳಿದೆ. ನನಗೆ ತಿಳಿದದ್ದು ಸಂಜೆ ಮನೆಯಲ್ಲಿ ಅಲ್ಲ. ‘ಸಾರ್, ಪ್ರಶ್ನೇಲಿ’ ಎಂದಾಗ ಶೃತಿ ಆ ಅರವತ್ತರ ಕೆಳಗೆ ಬೆರಳಿಟ್ಟು ತೋರಿಸಿದ್ದಳು. ನಾನು ನೋಡಿದೆ. ಅವಳದೇ ಸರಿ ಎಂದು ಆಗಲೇ ಗೊತ್ತಾಯಿತು. ಮಕ್ಕಳು ಇನ್ನೂ ನಗುತ್ತಿದ್ದರು. ಆ ನಗು ನನ್ನ ಕಡೆ ತಿರುಗೀತೆಂದು ಹೆದರಿದೆ. ಗೊತ್ತಿದ್ದೇ ಅವಳನ್ನು ಹೊರಗೆ ಕಳಿಸಿದೆ. ಅವಳ ಮನೆಗೆ ಹೋಗಿ ‘ಗಮನಿಸ್ಲಿಲ್ಲ’ ಎಂದೆನಲ್ಲ, ಆಗ ಅವಳು ಅಷ್ಟು ಹೊತ್ತು ನೆಲ ನೋಡಿದ್ದು ಅದಕ್ಕೇ. ನಾನು ಆ ಅಂಕಿ ನೋಡಿದ್ದನ್ನು ಅವಳು ನೋಡಿದ್ದಳು.