ಒಣಬಳ್ಳಿಗೆ ಮರಳುವ ಚಿಟ್ಟೆ

ತಲಮಾಂಕಾ, ಕೋಸ್ಟರಿಕ

ಪ್ರೀತಿಯ ತಮ್ಮ ಎಲಿಯೆಸೆರ್,

"ತೋಟ ಗುತ್ತಿಗೆಗೆ ಕೊಟ್ಟುಬಿಡಿ, ನನ್ನ ತಲೆ ಇನ್ನು ನಂಬೋ ಹಾಗಿಲ್ಲ" ಎಂದು ಹೇಳಿ ನೀನು ಲಿಮೋನ್‌ಗೆ, ಚಿಕ್ಕಮ್ಮನ ಮನೆಗೆ ಹೊರಟುಹೋದೆ. ಕೋಕೋ ಒಣಗಿಸುವ ಕೊಟ್ಟಿಗೆಯ ಮಾಡಿನಿಂದ ಬಿದ್ದ ಮೇಲೆ ನೀನು ತಾರೀಖು ಮರೆತದ್ದು, ನೆರೆಯವರ ಹೆಸರು ಮರೆತದ್ದು ನಿಜ. ಆದರೆ ನಿನ್ನನ್ನು ಪೂರ್ತಿ ಕುಗ್ಗಿಸಿದ್ದು ಆ ಚಿಟ್ಟೆಯ ಮಾತು. "ಎಡರೆಕ್ಕೆ ಹರಿದಿರೋದು ಒಂದಿದೆ. ನಾನು ಬೀಳೋ ಮೊದಲಿಂದಲೂ ದಿನಾ ಸಂಜೆ ಅದೇ ಒಣಬಳ್ಳಿಗೆ ಬರುತ್ತೆ" ಅಂದೆ. ನಿನ್ನ ಹೆಂಡತಿ ಡೆಲ್ಫಿನಾ, "ಅದೇನು ಕೋಳೀನಾ, ತಿಂಗಳುಗಟ್ಟಲೆ ಸಾಕೋಕೆ? ಚಿಟ್ಟೆ ಒಂದು ವಾರ ಬದುಕಿದ್ರೆ ಹೆಚ್ಚು ಕಣ್ರೀ" ಎಂದು ನಕ್ಕಳು. ನೀನು ಅವಳನ್ನೇ ನಂಬಿದೆ.

ನನಗೆ ಕುತೂಹಲ ತಡೆಯಲಿಲ್ಲ. ಕವಿತೆಯ ಸಾಲು ಅರ್ಥವಾಗದಿದ್ದರೆ ಅದರ ಪಕ್ಕದಲ್ಲೇ ಸುಮ್ಮನೆ ಕೂರುವವಳು ನಾನು. ಬಳ್ಳಿಯ ಪಕ್ಕವೂ ಹಾಗೇ ಕೂತೆ. ಕಪ್ಪು ಉದ್ದ ರೆಕ್ಕೆ, ಕೆಂಪು ಪಟ್ಟಿ, ಹಿಂದಿನ ರೆಕ್ಕೆಗೆ ಹಳದಿ ಗೆರೆ. ಚಿಟ್ಟೆಗಳ ಪುಸ್ತಕ ತೆಗೆದರೆ ಇದೇ ವೇಷದವು ಎರಡು ಜಾತಿ! ಬಣ್ಣ ನೋಡಿ ಹೇಳುವುದು ಕಷ್ಟ, ಇರುವ ಜಾಗ ನೋಡಬೇಕು. ಒಂದಕ್ಕೆ ಕಾಡಿನ ಒಳಗೇ ವಾಸ. ಇನ್ನೊಂದು ಬೇಲಿಯಂಚಿನ ಬಿಸಿಲಿನದು, ಗುಂಪಾಗಿ ಮಲಗುವಂಥದ್ದು. ನಿನ್ನವು ಬೇಲಿಯ ಪ್ಯಾಶನ್ ಹಣ್ಣಿನ ಬಳ್ಳಿಯಲ್ಲಿ ಮೊಟ್ಟೆಯಿಟ್ಟು, ಸಂಜೆಗೆ ಒಣಬಳ್ಳಿಗೆ ಒಟ್ಟಾಗಿ ಜೋತುಬೀಳುತ್ತವೆ. ಮಕರಂದದ ಜೊತೆ ಪರಾಗವನ್ನೂ ತಿನ್ನುವ ಇವು ತಿಂಗಳುಗಟ್ಟಲೆ ಬದುಕುತ್ತವಂತೆ.

ಹರಿದ ರೆಕ್ಕೆಯದೂ ಕಂಡಿತು. ಆದರೆ ದಿನವೂ ಬರುವುದು ಅದೇನಾ? ಹಿಡಿದರೆ ಎಲ್ಲವೂ ಜಾಗ ಬಿಟ್ಟು ಹೋದಾವು. ಬೆಳಕು ಹರಿಯುವ ಮುನ್ನ, ಅವು ಮಂಪರಿನಲ್ಲಿದ್ದಾಗ, ಡೆಲ್ಫಿನಾಳ ಬಿಳಿ ನೇಲ್ ಪಾಲಿಶ್‌ನಲ್ಲಿ ಅದರ ರೆಕ್ಕೆಗೊಂದು ಚುಕ್ಕೆ ಇಟ್ಟೆ. "ಚಿಟ್ಟೆಗೇ ಇಷ್ಟು ಸಿಂಗಾರ! ನನ್ನ ಉಗುರಿಗೂ ಹಚ್ಚಿ ಅತ್ತಿಗೆ" ಎಂದು ಅಣಕಿಸಿದವಳು ಸಂಜೆ ಬಿಸಿ ಬೆಲ್ಲದ ನೀರು ಹಿಡಿದು ಬಂದು ಪಕ್ಕದಲ್ಲಿ ಕೂತಳು.

ಅಂದು ಅದು ಬರಲಿಲ್ಲ. ನಾನು ಎದ್ದೆ. "ಇನ್ನೊಂಚೂರು ಕೂತ್ಕೊಳ್ಳಿ" ಅಂದವಳು ಅವಳೇ.

ಮಾರನೆಯ ಸಂಜೆ ಬಂತು. ಹರಿದ ರೆಕ್ಕೆ, ಬಿಳಿ ಚುಕ್ಕೆ, ಅದೇ ತುದಿ. ಆಮೇಲೆ ದಿನವೂ ಬರುತ್ತಿದೆ. ಡೆಲ್ಫಿನಾ ನಿನ್ನೆ ಅದನ್ನು ನೋಡಿ ಎದ್ದು ನೇರ ಗುತ್ತಿಗೆಯವನ ಮನೆಗೆ ಹೋಗಿ, "ತೋಟ ಕೊಡಲ್ಲ. ನಮ್ಮನೆಯವರು ಬರ್ತಾರೆ" ಎಂದು ಹೇಳಿಬಂದಳು.

ಬಂದುಬಿಡು. ತಾರೀಖು ಕ್ಯಾಲೆಂಡರ್ ನೋಡಿ ನಾವು ಹೇಳುತ್ತೇವೆ. ತೋಟದಲ್ಲಿ ಏನು ಕಂಡೆ ಅನ್ನುವುದನ್ನು ನೀನು ಹೇಳು.

ನಿನ್ನ ಕಣ್ಣು ತಂಪಾಗಿರಲಿ.

ನಿನ್ನ ಅಕ್ಕ,
ಇಸೌರಾ